ಗಣಿತ ದಿನ, ಅವರೆಕಾಯಿ ಲೆಕ್ಕ ಮತ್ತು ಥೇಲ್ಸ್ ಪ್ರಮೇಯ

22 ಡಿಸೆಂಬರ್ 2025, ಸೋಮವಾರ

ಇವತ್ತು ರಾಷ್ಟ್ರೀಯ ಗಣಿತ ದಿನ. ರಾಮಾನುಜನ್ ಹುಟ್ಟಿದ ದಿನವನ್ನು 2012ರಿಂದ ಹೀಗೆ ಆಚರಿಸುತ್ತಾ ಬಂದಿದ್ದೇವೆ. ಇಷ್ಟು ವರ್ಷದಲ್ಲಿ ಭಾಷಣಗಳೂ ಬಾಯಿಪಾಠ ಆಗಿಬಿಟ್ಟಿವೆ. ಎಂಟನೇ ಕ್ಲಾಸಿನ ಹುಡುಗಿ 1729 ಅನ್ನುವ ಟ್ಯಾಕ್ಸಿ ನಂಬರಿನ ವಿಶೇಷವನ್ನು ರಾಮಾನುಜನ್ ಥಟ್ಟನೆ ಹೇಳಿದ ಕಥೆ ಹೇಳಿದಳು. ಹೆಡ್‌ಮಾಸ್ಟರು ರಾಮಾನುಜನ್ ಕನಸಿನಲ್ಲಿ ದೇವಿ ಬಂದು ಸೂತ್ರ ತೋರಿಸುತ್ತಿದ್ದ ವಿಷಯ ಹೇಳಿದರು. ಅತಿಥಿಯಾಗಿ ಬಂದವರು ಇಂಥ ಮೇಧಾವಿ ನೂರು ವರ್ಷಕ್ಕೆ ಒಬ್ಬ ಹುಟ್ಟುತ್ತಾನೆ ಅಂದರು. ಹತ್ತನೇ ಕ್ಲಾಸಿನ ಹಿಂದಿನ ಸಾಲು ಹೌದೌದು ಅಂತ ತಲೆ ಆಡಿಸಿತು. ಅವರ ಕಿವಿಗೆ ಬಿದ್ದದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಗಣಿತ ಹುಟ್ಟಿನಿಂದಲೇ ಬರಬೇಕು, ನಮಗೆ ಬಂದಿಲ್ಲ, ಮುಗೀತು.

ರಾಮಾನುಜನ್ ಹುಡುಗನಾಗಿದ್ದಾಗ ಕಾರ್ ಎಂಬ ಇಂಗ್ಲೆಂಡಿನ ಗಣಿತ ಮೇಷ್ಟ್ರು ಬರೆದ ಒಂದು ಪುಸ್ತಕ ಸಿಕ್ಕಿತ್ತು. ಸುಮಾರು 5000 ಸೂತ್ರ, ಪ್ರಮೇಯಗಳ ಪಟ್ಟಿ ಅದು. ವಿವರಣೆ ಬಹಳ ಕಮ್ಮಿ. ಅವರು ಅದನ್ನು ಇಟ್ಟುಕೊಂಡು ಸ್ಲೇಟಿನ ಮೇಲೆ ತಾವೇ ಮಾಡಿ ನೋಡುತ್ತಾ ಹೋದರು. ಕಾಗದ ದುಬಾರಿ. ಮೊಣಕೈಯಲ್ಲೇ ಒರೆಸಿ ಮತ್ತೆ ಬರೆಯುತ್ತಿದ್ದರಂತೆ. ಕಾಲೇಜಿನಲ್ಲಿ ಬೇರೆ ವಿಷಯಗಳಲ್ಲಿ ಫೇಲಾಗಿ ಸ್ಕಾಲರ್‌ಶಿಪ್ ಕೂಡ ಕಳೆದುಕೊಂಡರು. ಮಕ್ಕಳಿಗೆ ಈ ಸ್ಲೇಟಿನ ಕಥೆ ಹೇಳೋಣ ಅಂತ ಎದ್ದು ನಿಂತೆ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು!

ಇರಲಿ. ದಿನದ ಒಳ್ಳೆಯ ಭಾಗ ಆಮೇಲೆ ಬಂತು. ಈ ಸಲ ಗಣಿತ ದಿನದ ಜೊತೆಗೇ ಮೆಟ್ರಿಕ್ ಮೇಳವನ್ನೂ ಇಟ್ಟುಕೊಂಡಿದ್ದೆವು. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಚುರುಮುರಿ ಎಲ್ಲಾ ತಂದು ಮೈದಾನದಲ್ಲಿ ಅಂಗಡಿ ಹಾಕಿದ್ದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಅವರೆಕಾಯಿ ಚೀಲ ಇಟ್ಟುಕೊಂಡು ಕೂತಿದ್ದ. ನನ್ನ ಪೀರಿಯಡ್‌ನಲ್ಲಿ ತಲೆ ಎತ್ತದ ಹುಡುಗ. ಕೆಜಿಗೆ 70 ರೂಪಾಯಿ. ನಾನು ಮುಕ್ಕಾಲು ಕೆಜಿ ಕೇಳಿದೆ. ತೂಕ ಹಾಕುತ್ತಲೇ ಬಾಯಲ್ಲಿ ಲೆಕ್ಕ ಹೇಳಿದ: "ಅರ್ಧಕ್ಕೆ ಮೂವತ್ತೈದು, ಕಾಲಿಗೆ ಹದಿನೇಳೂವರೆ, ಐವತ್ತೆರಡೂವರೆ ಆಯ್ತು. ನೀವು ಐವತ್ತು ಕೊಡಿ ಮಿಸ್, ಸಾಕು." ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ರಿಯಾಯಿತಿಯೂ ಸೇರಿ.

ಮಧ್ಯಾಹ್ನ ಅವನನ್ನು ಕರೆದು ಹಾಳೆಯ ಮೇಲೆ 70 × 3/4 ಬರೆದುಕೊಟ್ಟೆ. ಮುಖ ಬಾಡಿತು. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತಿರುವಿದ. ಆಮೇಲೆ 70ನ್ನು 4ರಿಂದ ಗುಣಿಸಿ 280 ಅಂತ ಬರೆದ, ಅದರ ಕೆಳಗೆ 3 ಹಾಕಿದ. "ಮುಂದೆ ಬರಲ್ಲ ಮಿಸ್." ಇದು ಬೆಳಿಗ್ಗೆ ನೀನು ಮಾಡಿದ ಲೆಕ್ಕನೇ ಕಣೋ ಅಂದರೆ ನಂಬಲೇ ಇಲ್ಲ. "ಅದು ವ್ಯಾಪಾರ ಮಿಸ್, ಇದು ಗಣಿತ."

ಇಂಥದ್ದನ್ನು ಬ್ರೆಜಿಲ್‌ನ ರೆಸಿಫೆ ಎಂಬ ಊರಿನಲ್ಲಿ 1985ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕರು ಮೊದಲು ಗಿರಾಕಿಗಳ ಹಾಗೆ ಮಾತಾಡಿಸಿದರು. ಆಮೇಲೆ ಅಂಥದ್ದೇ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟರು. ಅಂಗಡಿಯಲ್ಲಿ 98ರಷ್ಟು ಶೇಕಡಾ ಸರಿ. ಬರೀ ಅಂಕಿಗಳ ಲೆಕ್ಕ ಕೊಟ್ಟಾಗ 37ರ ಆಸುಪಾಸು. ಅದರಲ್ಲಿ ಒಬ್ಬ ಹುಡುಗನಿಗೆ 35ರಂತೆ 10 ತೆಂಗಿನಕಾಯಿಗೆ ಎಷ್ಟು ಅಂತ ಕೇಳಿದಾಗ ಪಕ್ಕಕ್ಕೊಂದು ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210 ಅಂತ ಕಟ್ಟಿಕೊಂಡು 350ಕ್ಕೆ ಬಂದ. ಇದೇ ವರ್ಷ ನಮ್ಮ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಇದನ್ನೇ ತುಂಬಾ ದೊಡ್ಡ ಪ್ರಮಾಣದಲ್ಲಿ ಮಾಡಿ ಪ್ರಕಟಿಸಿತು. ಅಲ್ಲೂ ಅದೇ ಕಥೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ಇನ್ನೊಂದು ಅರ್ಧ. ಶಾಲೆಯ ಲೆಕ್ಕ ಬರುವ ಮಕ್ಕಳನ್ನು ಸಂತೆಯಂಥ ಲೆಕ್ಕಕ್ಕೆ ಕೂರಿಸಿದರೆ ಅವರೂ ತಡಕಾಡಿದರು. ಅಂದರೆ ಎರಡೂ ಕಡೆ ಬುದ್ಧಿ ಇದೆ, ನಡುವೆ ದಾರಿ ಇಲ್ಲ. ಆ ದಾರಿ ಮಾಡುವುದಕ್ಕೇ ಅಲ್ವಾ ನಮಗೆ ಸಂಬಳ ಕೊಡೋದು?

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಬಂದ ಉತ್ತರ ಮಾಮೂಲಿನದೇ. "ಮಕ್ಕಳಿಗೆ ಆಸಕ್ತಿನೇ ಇಲ್ಲ ಮೇಡಂ. ಮೊದಲು ಆಸಕ್ತಿ ಹುಟ್ಟಿಸಬೇಕು." ಈ ಮಾತನ್ನು ನಾನು ಒಪ್ಪಲ್ಲ. ಆಸಕ್ತಿ ಇಲ್ಲದ್ದರಿಂದ ಲೆಕ್ಕ ಬರಲ್ಲ ಅನ್ನುವುದಕ್ಕಿಂತ, ಲೆಕ್ಕ ಬಾರದ್ದರಿಂದ ಆಸಕ್ತಿ ಹೋಯಿತು ಅನ್ನುವುದೇ ನಾನು ಕಂಡಿರುವ ಮಕ್ಕಳಿಗೆ ಜಾಸ್ತಿ ಹೊಂದುತ್ತದೆ. ಒಂದನೇ ಕ್ಲಾಸಿನಲ್ಲಿ ಗಣಿತ ದ್ವೇಷಿಸುವ ಮಗುವನ್ನು ನೀವು ಎಲ್ಲಾದರೂ ನೋಡಿದ್ದೀರಾ? ಮಾ ಮತ್ತು ಕಿಶೋರ್ ಎಂಬ ಇಬ್ಬರು 1997ರಲ್ಲಿ 113 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ್ದರು. ಗಣಿತದ ಬಗ್ಗೆ ಮಕ್ಕಳ ಮನೋಭಾವಕ್ಕೂ ಅವರು ತೆಗೆಯುವ ಅಂಕಕ್ಕೂ ಇರುವ ನಂಟು ಒಟ್ಟಾರೆ ತೀರಾ ಸಣ್ಣದು ಅಂತ ಕಂಡಿತು. ಜಪಾನ್, ಕೊರಿಯಾದ ಮಕ್ಕಳು ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಯಾವಾಗಲೂ ಮೇಲಿನ ಸಾಲಿನಲ್ಲಿರುತ್ತಾರೆ. ಗಣಿತ ಇಷ್ಟವೇ ಅಂದರೆ ಇಲ್ಲ ಅನ್ನುವವರಲ್ಲೂ ಅವರು ಮುಂದೆಯೇ! ನನಗಂತೂ ಮಕ್ಕಳು ಗಣಿತವನ್ನು ಪ್ರೀತಿಸಬೇಕು ಅನ್ನುವ ಹಟ ಇಲ್ಲ. ಹೆದರದಿದ್ದರೆ ಸಾಕು. ಹೆದರಿಕೆ ಬೇರೆಯೇ ವಿಷಯ. ತಲೆಯಲ್ಲಿ ದಶಕ ಹಿಡಿದಿಟ್ಟುಕೊಳ್ಳುವ ಜಾಗವನ್ನೇ ಅದು ತಿಂದುಹಾಕುತ್ತದೆ. ಬೋರ್ಡಿಗೆ ಕರೆದಾಗ ಏಳರ ಮಗ್ಗಿ ಮರೆಯುವ ಮಗು ತನ್ನ ಜಾಗಕ್ಕೆ ಹೋಗಿ ಕೂತ ಕೂಡಲೇ ಸರಿಯಾಗಿ ಹೇಳುತ್ತದಲ್ಲ, ಅದೇ ಇದು.

ಹಾಗಾದರೆ ಎಲ್ಲಿ ತಪ್ಪುತ್ತದೆ? ಹೈಸ್ಕೂಲಿನಲ್ಲಿ ಅಲ್ಲ. ನಾಲ್ಕು, ಐದನೇ ಕ್ಲಾಸಿನಲ್ಲಿ, ಭಾಗಾಕಾರ ಮತ್ತು ಭಿನ್ನರಾಶಿಯ ಹತ್ತಿರ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. ದೇಶದ ಹಳ್ಳಿಗಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲ ಐದನೇ ಕ್ಲಾಸಿನ ಮಕ್ಕಳು ಶೇ. 30.7. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೂ ಶೇ. 45.8 ಮಾತ್ರ. ಉಳಿದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಾವು ಬಹುಪದೋಕ್ತಿ ಪಾಠ ಮಾಡುತ್ತಿದ್ದೇವೆ. ಅವರಿಗೆ ಬೇಜಾರಾಗದೆ ಇನ್ನೇನಾಗಬೇಕು?

ಸಂಜೆಯ ಸ್ಪೆಷಲ್ ಕ್ಲಾಸಿನಲ್ಲಿ ಇವತ್ತು 612 ÷ 6 ಕೊಟ್ಟೆ. ಇದನ್ನು ಬೇಕಂತಲೇ ಆರಿಸಿದ್ದು. ಬಹಳಷ್ಟು ಮಕ್ಕಳ ಉತ್ತರ 12. ಆರೊಂದಲಿ ಆರು, ಒಂದನ್ನು ಕೆಳಗಿಳಿಸು, ಹೋಗಲ್ಲ, ಎರಡನ್ನೂ ಇಳಿಸು, ಆರೆರಡಲಿ ಹನ್ನೆರಡು. ಹೋಗದಿದ್ದಾಗ ಮೇಲೆ ಸೊನ್ನೆ ಹಾಕಬೇಕು ಅನ್ನುವುದು ಯಾವಾಗಲೋ ಬಿಟ್ಟುಹೋಗಿದೆ. ತಪ್ಪು ಅಂತ ಹೇಳಲಿಲ್ಲ. 612 ರೂಪಾಯಿಯನ್ನು ಆರು ಜನಕ್ಕೆ ಹಂಚಿ ಅಂದೆ. ಅವರೆಕಾಯಿ ಹುಡುಗನೇ ಮೊದಲು ಬಾಯಿ ಬಿಟ್ಟ: "ನೂರು ನೂರು ಕೊಟ್ರೆ ಆರುನೂರು ಹೋಯ್ತು. ಹನ್ನೆರಡು ಉಳೀತು, ಎರಡೆರಡು. ನೂರಾ ಎರಡು." ಹೇಳಿದವನೇ ತನ್ನ ಪುಸ್ತಕದಲ್ಲಿದ್ದ 12ನ್ನು ನೋಡಿದ. ಪಕ್ಕದವಳು "ಆರು ಜನಕ್ಕೆ ಹನ್ನೆರಡು ರೂಪಾಯಿ ಕೊಟ್ಟು ಉಳಿದಿದ್ದು ನೀನೇ ಇಟ್ಕೊಂಡ್ಯಾ?" ಅಂತ ಕಿಚಾಯಿಸಿದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಸೊನ್ನೆ ಎಲ್ಲಿ ಹೋಯಿತು ಅಂತ ಹುಡುಕುವುದಕ್ಕೆ ಹತ್ತು ನಿಮಿಷ ಜಗಳವಾಡಿದರು. ಆ ಹತ್ತು ನಿಮಿಷದಲ್ಲಿ ಯಾರೂ ಆಸಕ್ತಿ ಇಲ್ಲ ಅನ್ನಲಿಲ್ಲ.

ಪಕ್ಕದ ಪ್ರೈಮರಿ ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಮಣಿಗಳು, ಬಿಡಿ ಹತ್ತು ನೂರರ ತುಂಡುಗಳು, ಭಿನ್ನರಾಶಿಯ ಬಿಲ್ಲೆಗಳು. ಅಲ್ಲಿಯ ಟೀಚರ್ ಹತ್ತಿರ ಕೇಳಿ ಇಸಕೊಂಡು ಬಂದೆ. ಮೊದಲು ಯಾರೂ ಮುಟ್ಟಲಿಲ್ಲ. "ಇದು ನಾಲ್ಕನೇ ಕ್ಲಾಸಿಂದು ಮಿಸ್." ಸಂಕೋಚ. ಹದಿನಾಲ್ಕು ವರ್ಷದವರಿಗೆ ಇದು ಸಣ್ಣ ವಿಷಯವಲ್ಲ. ಕಿಟಕಿ ಹೊರಗೆ ಹತ್ತನೇ ಕ್ಲಾಸಿನವರು ಓಡಾಡುತ್ತಿದ್ದರೆ ಮಣಿ ಎಣಿಸುತ್ತಾ ಕೂರುವುದಕ್ಕೆ ಯಾರಿಗೆ ಮನಸ್ಸು ಬರುತ್ತೆ? ಕಿಟಕಿ ಮುಚ್ಚಿಸಿ, ನಾಳೆ ಇದನ್ನು ನೀವು ಪ್ರೈಮರಿ ಮಕ್ಕಳಿಗೆ ಹೇಳಿಕೊಡಬೇಕು ಅಂದೆ. ಆಗ ಕೈ ಹಾಕಿದರು.

ಮನೆಯ ಮಾತೂ ಇದೆ. ಹೋದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಿಲ್ಲ ಮೇಡಂ, ಇವಳಿಗೆಲ್ಲಿಂದ ಬರುತ್ತೆ" ಅಂದರು. ಪ್ರೀತಿಯಿಂದಲೇ ಅಂದದ್ದು. ಮಗಳಿಗೆ ಸಮಾಧಾನವೂ ಆಗಿರಬಹುದು. ಜೊತೆಗೆ ಒಂದು ರಜಾ ಚೀಟಿಯೂ ಸಿಕ್ಕಿತು. ಆ ತಾಯಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು ಅನ್ನುವುದು ಬೇರೆ ಮಾತು. ಹಾಗಂತ ಎಲ್ಲಾ ಅಪ್ಪ ಅಮ್ಮಂದಿರೂ ಕೂತು ಹೋಂವರ್ಕ್ ಮಾಡಿಸಿ ಅಂತಲೂ ನಾನು ಹೇಳಲ್ಲ. ಗಣಿತಕ್ಕೆ ಹೆದರುವ ತಂದೆತಾಯಿ ಪದೇ ಪದೇ ಹೋಂವರ್ಕಿಗೆ ಕೂತರೆ ಮಗುವಿನ ಕಲಿಕೆ ಕಡಿಮೆಯಾಗುತ್ತದೆ, ಸುಮ್ನೆ ಬಿಟ್ಟರೆ ಆ ತೊಂದರೆ ಕಾಣುವುದಿಲ್ಲ ಅಂತ 2015ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಬಂದಿತ್ತು. ನಾನು ಹೇಳುವುದು ಇಷ್ಟೇ: ಏನು ಮಾಡಿದೆ ಅಂತ ಮಗುವಿನ ಬಾಯಲ್ಲೇ ಹೇಳಿಸಿ, ಕೇಳಿಸಿಕೊಳ್ಳಿ.

ಟೀಚರುಗಳೂ ಹೊರತಲ್ಲ. ಅಮೆರಿಕದ್ದೇ 2010ರ ಇನ್ನೊಂದು ಅಧ್ಯಯನದಲ್ಲಿ, ಗಣಿತ ಕಂಡರೆ ಅಳುಕುವ ಶಿಕ್ಷಕಿಯರ ಕ್ಲಾಸಿನಲ್ಲಿ ವರ್ಷದ ಕೊನೆಗೆ ಹುಡುಗಿಯರು ಹಿಂದೆ ಬಿದ್ದಿದ್ದರು, ಹುಡುಗರಲ್ಲ. ಹುಡುಗಿಯರು ಟೀಚರ್ ಮುಖ ನೋಡಿ, ಇದು ನಮ್ಮಂಥವರಿಗಲ್ಲ ಅಂದುಕೊಳ್ಳುತ್ತಾರಂತೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರೇ ಮುಂದೆ. ಈ ವರ್ಷದ ಮೊದಲ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯರು ಶೇ. 74, ಹುಡುಗರು ಶೇ. 58. ಆದರೂ ಗಣಿತದಲ್ಲಿ ತೊಂಬತ್ತು ತೆಗೆದವಳು ಪಿಯುಸಿಗೆ ಪಿಸಿಎಂಬಿ ತಗೋತೀಯಾ ಅಂದರೆ "ನಂಗೆ ಗಣಿತ ಬರಲ್ಲ ಮಿಸ್" ಅನ್ನುತ್ತಾಳೆ. ಅಂಕಪಟ್ಟಿ ಒಂದು ಹೇಳುತ್ತೆ, ಅವಳು ಇನ್ನೊಂದು ಹೇಳುತ್ತಾಳೆ.

ಕೊನೆಗೆ ನಮ್ಮ ಪಾಸಿಂಗ್ ಪ್ಯಾಕೇಜ್ ವಿಷಯ. ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ 80 ಅಂಕದ್ದು, ಉಳಿದ 20 ಆಂತರಿಕ. ಹಿಂದುಳಿದ ಮಕ್ಕಳಿಗೆ ಬರೇ ಖಾತ್ರಿ ಪ್ರಶ್ನೆ ಕಲಿಸುತ್ತೇವೆ. ನಕ್ಷೆ, ಸರಾಸರಿ, ಸ್ಪರ್ಶಕದ ಪ್ರಮೇಯ, ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು). ಮಕ್ಕಳು ಥೇಲ್ಸ್ ಸಾಧನೆಯನ್ನು ಮಂತ್ರದ ಹಾಗೆ ಒಪ್ಪಿಸುತ್ತಾರೆ. ಕಳೆದ ವಾರ ತ್ರಿಭುಜದ ಹೆಸರನ್ನು ಎಬಿಸಿ ಬದಲು ಪಿಕ್ಯೂಆರ್ ಮಾಡಿ ಕೊಟ್ಟೆ. ಅರ್ಧ ಕ್ಲಾಸು ಪೆನ್ನು ಕೆಳಗಿಟ್ಟಿತು. "ಇದು ಸಿಲಬಸ್ಸಲ್ಲಿ ಇಲ್ಲ ಮಿಸ್!" ಎತ್ತರ ಎಲ್ಲಿಂದ ಎಲ್ಲಿಗೆ ಎಳೆಯಬೇಕು, ಯಾಕೆ ಎಳೆಯಬೇಕು ಅನ್ನುವುದು ಯಾರಿಗೂ ಬೇಕಿರಲಿಲ್ಲ.

ಪ್ಯಾಕೇಜನ್ನು ಬಯ್ಯುವುದು ಸುಲಭ. ನಾನು ಬಯ್ಯಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗಿಯ ಓದು ಅಲ್ಲಿಗೇ ನಿಲ್ಲಬಹುದು, ಮದುವೆಯ ಮಾತು ಬರಬಹುದು. ಪಾಸಾದರೆ ಐಟಿಐ, ಪಿಯುಸಿ, ಏನಾದರೊಂದು ಬಾಗಿಲು ತೆರೆಯುತ್ತೆ. ಪಾಸಿನ ಗಡಿಯನ್ನು ಈ ವರ್ಷ 35ರಿಂದ 33ಕ್ಕೆ ಇಳಿಸಿದ್ದಾರೆ, ಅದಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು ಪ್ಯಾಕೇಜನ್ನು ಈಗೀಗ ಎಂಟನೇ ಕ್ಲಾಸಿನಿಂದಲೇ ಶುರು ಮಾಡುತ್ತಿರುವುದಕ್ಕೆ. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಭಾಗಾಕಾರ ಕಲಿಸಲು ಟೈಮಿಲ್ಲ ಅಂದರೆ ಸರಿ. ಎಂಟನೇ ಕ್ಲಾಸಿನ ಜೂನ್‌ನಲ್ಲೂ ಇಲ್ಲ ಅಂದರೆ ಹೇಗೆ?

ನಾಳೆ ಎಂಟು, ಒಂಬತ್ತರ ಮಕ್ಕಳಿಗೆ ಪ್ರತಿದಿನ ಮೊದಲ ಹದಿನೈದು ನಿಮಿಷ ಬರೀ ಭಾಗಾಕಾರ, ಭಿನ್ನರಾಶಿಗೆ ಕೊಡೋಣ ಅಂತ ಹೆಡ್‌ಮಾಸ್ಟರ ಹತ್ತಿರ ಕೇಳಬೇಕು. ಪಾಠ ಹಿಂದೆ ಬೀಳುತ್ತೆ ಅನ್ನುತ್ತಾರೆ. ಬೀಳುತ್ತೆ ನಿಜ. ಎಷ್ಟು ಪೀರಿಯಡ್ ಹೋಗುತ್ತೆ, ಎಲ್ಲಿಂದ ಹೊಂದಿಸಬಹುದು ಅಂತ ಒಂದು ಪಟ್ಟಿ ಮಾಡಿಟ್ಟಿದ್ದೇನೆ, ಅದನ್ನೇ ಮುಂದಿಡುತ್ತೇನೆ. ಅದಕ್ಕೂ ಮೊದಲು ಇವತ್ತಿನ ಗಣಿತ ದಿನದ ಫೋಟೋ, ವರದಿ ಎಲ್ಲಾ ಕಳಿಸಬೇಕಂತೆ. ರಂಗೋಲಿಯ ಫೋಟೋ ಕಡ್ಡಾಯ.