ಶೀರ್‌ಕೂಹ್ ತಪ್ಪಲಿನ ತಫ್ತ್ ಸೀಮೆ

ಪುಣೆಯ ಕ್ಯಾಂಪಿನಲ್ಲಿ ನಾನು ಆಗಾಗ ಹೋಗುವ ಇರಾನಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಹಿರಿಯರನ್ನು ಅವರ ಮೂಲ ಊರು ಯಾವುದೆಂದು ಒಮ್ಮೆ ಕೇಳಿದ್ದೆ. ಅವರು ಇರಾನ್ ಎನ್ನಲಿಲ್ಲ, ಆ ದೇಶದ ನಡುಭಾಗದ ಪ್ರಾಂತವಾದ ಯಜ್ದ್ ಎಂದೂ ಎನ್ನಲಿಲ್ಲ. "ತಫ್ತ್ ಕಡೆಯ ಒಂದು ಹಳ್ಳಿ" ಎಂದರು. ಬೀದರ್ ಕಡೆಯವನಾದ ನನಗೆ ಆ 'ಕಡೆ' ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಅಂದಿನಿಂದ ಆ ಸೀಮೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಇರಾನಿನಲ್ಲಿ ಪ್ರಾಂತಕ್ಕೆ ಒಸ್ತಾನ್ ಎಂದೂ, ಅದರೊಳಗಿನ ವಿಭಾಗಗಳಿಗೆ ಕ್ರಮವಾಗಿ ಶಹ್ರೆಸ್ತಾನ್, ಬಖ್ಶ್, ದೆಹೆಸ್ತಾನ್ ಎಂದೂ ಹೆಸರು. 'ದೆಹ್' ಎಂದರೆ ಹಳ್ಳಿ; ಹಲವು ಹಳ್ಳಿಗಳು ಸೇರಿದ ದೆಹೆಸ್ತಾನನ್ನು ನಮ್ಮ ಹೋಬಳಿಯೆಂದು ತಿಳಿದರೆ ಹೆಚ್ಚು ತಪ್ಪಾಗದು. ತಫ್ತ್ ಇರುವುದು ಯಜ್ದ್ ನಗರದ ನೈಋತ್ಯಕ್ಕೆ, 4,000 ಮೀಟರ್ ಮೀರಿದ ಶೀರ್‌ಕೂಹ್ ಪರ್ವತದ ತಪ್ಪಲಿನಲ್ಲಿ. ಯಜ್ದ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ 60 ಮಿ.ಮೀ. ಆಸುಪಾಸು, ಬೀದರಿನಲ್ಲಿ ಮುಂಗಾರಿನ ಒಂದೇ ದಿನ ಅಷ್ಟು ಸುರಿದುಹೋಗುವುದುಂಟು. ಆದರೂ ತಫ್ತ್ ದಾಳಿಂಬೆಗೆ ಹೆಸರಾಗಿದೆಯೆಂದರೆ ಅದಕ್ಕೆ ಶೀರ್‌ಕೂಹ್‌ನ ಹಿಮ ಕಾರಣ, ಆ ನೀರನ್ನು ನೆಲದಡಿಯಿಂದ ತಂದವರ ದುಡಿಮೆ ಕಾರಣ.

ಆ ವ್ಯವಸ್ಥೆಗೆ ಕನಾತ್ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ 'ತಾಯಿ ಬಾವಿ' ತೋಡಿ, ಅಂತರ್ಜಲ ಸಿಕ್ಕಲ್ಲಿಂದ ಹಳ್ಳಿಯವರೆಗೆ ಅತಿ ಕಡಿಮೆ ಇಳಿಜಾರಿನಲ್ಲಿ ಸುರಂಗ ಕೊರೆದು, ಮಣ್ಣು ಎತ್ತಲೂ ಗಾಳಿಯಾಡಲೂ ದಾರಿಯುದ್ದಕ್ಕೂ ಬಾವಿಗಳನ್ನು ಇಳಿಸುತ್ತಾರೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ಒಂದೇ ವಿದ್ಯೆ. ನನ್ನನ್ನು ಹೆಚ್ಚು ಸೆಳೆದದ್ದು ನೀರು ಹಂಚುವ ಕ್ರಮ: ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನೇ ಅಳತೆಯಾಗಿಟ್ಟುಕೊಂಡು, ಯಾರ ತೋಟಕ್ಕೆ ಎಷ್ಟು ಬಟ್ಟಲು ಎಂದು ಎಣಿಸುತ್ತಿದ್ದರು. ನಮ್ಮ ಹಿರಿಯರು ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲೇ ಅಲ್ಲಿ ಹೊಲದ ಪಾಲನ್ನು ನಿರ್ಧರಿಸುತ್ತಿತ್ತು. ಹೋಟೆಲಿನ ಹಿರಿಯರ ಅಜ್ಜನ ಸರದಿ ನಡುರಾತ್ರಿಗೆ ಬರುತ್ತಿತ್ತಂತೆ.

ಅರಬ್ಬರ ವಿಜಯದ ನಂತರವೂ ಇರಾನಿನಲ್ಲಿ ಝರತುಷ್ಟ್ರ ಧರ್ಮ, ಅಂದರೆ ನಮ್ಮ ಪಾರ್ಸಿಗಳ ಧರ್ಮ, ಉಳಿದದ್ದು ಮುಖ್ಯವಾಗಿ ಯಜ್ದ್ ಮತ್ತು ಕೆರ್ಮಾನ್ ಸೀಮೆಗಳಲ್ಲಿ. ತಫ್ತ್ ಬಳಿಯ ಚಮ್ ಅಂತಹ ಹಳ್ಳಿಗಳಲ್ಲೊಂದು. ಆ ಧರ್ಮದವರು ಮುಸ್ಲಿಮೇತರರ ಮೇಲಿನ ತಲೆಗಂದಾಯವಾದ ಜಿಜಿಯಾ ತೆರಬೇಕಿತ್ತು. 1854ರಲ್ಲಿ ಮುಂಬಯಿಯ ಪಾರ್ಸಿಗಳು ಕಳುಹಿಸಿದ ಮಾಣೆಕ್‌ಜಿ ಲಿಮ್ಜಿ ಹಟಾರಿಯಾ ದಶಕಗಳ ಕಾಲ ಶ್ರಮಿಸಿದ ಮೇಲೆ, 1882ರಲ್ಲಿ ಇರಾನಿನ ದೊರೆ ನಾಸಿರುದ್ದೀನ್ ಶಾ ಆ ತೆರಿಗೆಯನ್ನು ರದ್ದುಗೊಳಿಸಿದ. ಬಡತನ ಮಾತ್ರ ರದ್ದಾಗಲಿಲ್ಲ. ಮುಂಬಯಿ, ಪುಣೆಗಳಿಗೆ ಬಂದು ಚಹಾದಂಗಡಿ ತೆರೆದವರಲ್ಲಿ ಅನೇಕರು ಈ ಹಳ್ಳಿಗಳವರೇ.

1956ರಲ್ಲಿ ಇರಾನಿನ ಜನಸಂಖ್ಯೆಯ ಶೇ. 31ರಷ್ಟು ಮಂದಿ ಪಟ್ಟಣವಾಸಿಗಳಾಗಿದ್ದರೆ, 2016ರಲ್ಲಿ ಅದು ಶೇ. 74ಕ್ಕೆ ಏರಿತ್ತು. 1960ರ ದಶಕದ ಭೂಸುಧಾರಣೆಯ ನಂತರ ಕನಾತ್‌ಗಳನ್ನು ನೋಡಿಕೊಳ್ಳುವ ಹಳೆಯ ಏರ್ಪಾಡು ಸಡಿಲಗೊಂಡಿತು. ಪಂಪಿನ ಆಳದ ಬಾವಿಗಳು ಅಂತರ್ಜಲವನ್ನು ಕೆಳಗಿಳಿಸಿದಂತೆ ಎಷ್ಟೋ ಸುರಂಗಗಳು ಒಣಗಿದವು. 2016ರ ಜನಗಣತಿಯಂತೆ ಯಜ್ದ್ ಪ್ರಾಂತದಲ್ಲಿದ್ದ 11,38,533 ಮಂದಿಯಲ್ಲಿ ಬಹುಪಾಲು ಪಟ್ಟಣಗಳವರು. ಶೀರ್‌ಕೂಹ್ ಮೇಲಿನ ದೆಹ್‌ಬಾಲಾದಂತಹ ಹಳ್ಳಿಗಳು ಬೇಸಿಗೆಯಲ್ಲಿ ತಂಪನ್ನು ಅರಸಿ ಬರುವವರಿಂದ ತುಂಬುತ್ತವೆ. ಆದರೆ ಆ ಜನಗಣತಿ ನಡೆದದ್ದು ಶರತ್ಕಾಲದಲ್ಲಿ. ಅಷ್ಟರಲ್ಲಿ ಬೇಸಿಗೆಯ ಮಂದಿ ಕೆಳಗಿಳಿದಿರುತ್ತಾರೆ.