ಬಟ್ಟಲಿನ ಬಲಗಡೆ

ಚಿನ್ನಿ ಊಟದಲ್ಲಿ ಅರ್ಧ ಬಿಡಲು ಶುರು ಮಾಡಿದಾಗ ಅದು ಹಟ ಅಂದುಕೊಂಡೆ. ಐದು ವರ್ಷದ ಮಾಲ್ಟೀಸ್ ಹೆಣ್ಣುನಾಯಿ, ಮನೆಮಂದಿಗೆಲ್ಲ ಮುದ್ದು. ಮೂರು ದಿನ ಗದರಿದೆ. ನಾಲ್ಕನೇ ದಿನ ಬಟ್ಟಲು ತೊಳೆಯಲು ಹೋದಾಗ ಕಣ್ಣಿಗೆ ಬಿತ್ತು. ಎಡಗಡೆ ನೆಕ್ಕಿ ನೆಕ್ಕಿ ಫಳಫಳ ಅನ್ನುತ್ತಿದೆ, ಬಲಗಡೆ ಒಂದು ಕಾಳೂ ಅಲುಗಿಲ್ಲ. ನಡುವೆ ಗೆರೆ ಎಳೆದ ಹಾಗೆ! ಬಟ್ಟಲು ತಿರುಗಿಸಿ ಇಟ್ಟೆ. ಬಿಟ್ಟಿದ್ದೆಲ್ಲ ಎಡಕ್ಕೆ ಬಂತು. ಗಬಗಬ ತಿಂದು ಮುಗಿಸಿದಳು. ಪಾಪ, ಹಸಿದೇ ಇದ್ದಳು.

ಅವತ್ತು ಸಂಜೆ ಎಡಕ್ಕೆ ಸುತ್ತು ಹಾಕತೊಡಗಿದಳು. ಕರೆದರೆ ನಿಲ್ಲಲಿಲ್ಲ. ಆಮೇಲೆ ಮೂಲೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ರಾತ್ರಿ ಫಿಟ್ಸ್ ಬಂತು.

ಮರುದಿನ ನರರೋಗ ನೋಡುವ ಪಶುವೈದ್ಯರ ಹತ್ತಿರ ಹೋದೆವು. ಅವರು ಬಲಗಣ್ಣಿನ ಮುಂದೆ ಥಟ್ಟನೆ ಕೈ ತಂದರು. ರೆಪ್ಪೆ ಬಡಿಯಲಿಲ್ಲ. ಟಾರ್ಚ್ ಬಿಟ್ಟರೆ ಪಾಪೆ ಮಾತ್ರ ಸರಿಯಾಗಿ ಕಿರಿದಾಯಿತು. ‘ಕಣ್ಣಿನಲ್ಲಿ ತೊಂದರೆ ಇಲ್ಲ, ತೊಂದರೆ ಇರೋದು ಮಿದುಳಿನಲ್ಲಿ’ ಎಂದರು. ಬಲ ಮುಂಗಾಲನ್ನು ಮಡಚಿ, ಮೇಲ್ಭಾಗ ಮೇಜಿಗೆ ತಾಗುವಂತೆ ಇಟ್ಟರು. ಯಾವ ನಾಯಿಯಾದರೂ ತಕ್ಷಣ ಪಾದ ಸರಿಮಾಡಿಕೊಳ್ಳುತ್ತೆ, ಅಲ್ವಾ? ಚಿನ್ನಿ ಹಾಗೇ ನಿಂತಿದ್ದಳು. ಆ ಮಡಚಿದ ಪುಟ್ಟ ಪಾದ ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಬಟ್ಟಲಿನ ವಿಷಯ ಹೇಳಿದೆ. ಮುಂಮಿದುಳಿನ ಎಡಭಾಗಕ್ಕೆ ಏಟು ಬಿದ್ದರೆ ಬಲಗಡೆ ಏನಿದೆ ಅನ್ನೋದೇ ಪ್ರಾಣಿಗೆ ಗೊತ್ತಾಗುವುದಿಲ್ಲವಂತೆ. ಸುತ್ತುವುದು ಮಾತ್ರ ಏಟು ಬಿದ್ದ ಕಡೆಗೇ.

ಇವತ್ತೇ ಸ್ಟೀರಾಯ್ಡ್ ಕೊಡಿ ಅಂತ ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಒಳಗೆ ಸೋಂಕು ಇದ್ದರೆ ಸ್ಟೀರಾಯ್ಡ್‌ನಿಂದ ಅದು ಇನ್ನೂ ಹೆಚ್ಚಬಹುದು. ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡಿದರು, ಕತ್ತಿನ ಹಿಂದಿನಿಂದ ಮಿದುಳಿನ ಸುತ್ತಲಿನ ದ್ರವ ತೆಗೆದರು. ಒಂದು ಮೈಕ್ರೋಲೀಟರ್‌ನಲ್ಲಿ 5ಕ್ಕಿಂತ ಕಡಿಮೆ ಇರಬೇಕಾದ ಬಿಳಿಕಣಗಳು 100 ದಾಟಿದ್ದವು. ಡಿಸ್ಟೆಂಪರ್, ಟಾಕ್ಸೊಪ್ಲಾಸ್ಮಾ, ನಿಯೋಸ್ಪೋರಾ ಯಾವ ಸೋಂಕೂ ಸಿಗಲಿಲ್ಲ. ಕಾರಣ ತಿಳಿಯದ ಮಿದುಳಿನ ಉರಿಯೂತ, ಎಂಯುಓ ಎಂದರು. ಮೈಯ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಪಗ್, ಚಿವಾವಾ, ಮಾಲ್ಟೀಸ್‌ನಂಥ ಸಣ್ಣ ತಳಿಗಳಲ್ಲಿ ಜಾಸ್ತಿ. ನಿಖರವಾಗಿ ಯಾವ ಬಗೆ ಅಂತ ಹೇಳಲು ಮಿದುಳಿನ ತುಣುಕನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ನಮಗೆ ಬೇಡವಾಗಿತ್ತು.

ಮನೆಯ ಬೆಕ್ಕಿಗೂ ಅಂಟುತ್ತಾ ಅಂತ ಕೇಳಿದೆ. ಇಲ್ಲ, ಇದು ಅಂಟುಜಾಡ್ಯವಲ್ಲ ಎಂದರು. ಬೆಕ್ಕುಗಳಿಗೆ ಮಿದುಳಿನ ಉರಿಯೂತ ಬಂದರೆ ಮೊದಲು ಅನುಮಾನಿಸುವುದು ಎಫ್‌ಐಪಿಯನ್ನು. ಅದು ಬೆಕ್ಕಿನ ಕೊರೊನಾವೈರಸ್‌ನಿಂದ ಬರುವ ಬೇರೆಯೇ ಕಾಯಿಲೆ, ಅದರ ಔಷಧಿಯೂ ಬೇರೆ.

ಸೋಂಕಿಲ್ಲ ಅಂತಾದ ಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಮೂರು ವಾರಕ್ಕೊಮ್ಮೆ ಸೈಟರಾಬಿನ್ ಇಂಜೆಕ್ಷನ್. ವಿಪರೀತ ಬಾಯಾರಿಕೆ, ಹಸಿವು. ರಾತ್ರಿ ಮೂರು ಸಲ ಮೂತ್ರಕ್ಕೆ ಎಬ್ಬಿಸುತ್ತಿದ್ದಳು. ಎದ್ದೆ, ಬೇಸರವಾಗಲಿಲ್ಲ. ಆರನೇ ದಿನ ಬಲಗಡೆ ಉಳಿದಿದ್ದು ನಾಲ್ಕೇ ಕಾಳು. ಆ ನಾಲ್ಕು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಮನೆಯವರಿಗೆಲ್ಲ ತೋರಿಸಿದೆ.

ಈಗ ಎಂಟು ತಿಂಗಳಾಗಿದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಇಳಿಸುವಾಗ ಕಾಯಿಲೆ ಮರುಕಳಿಸಲೂಬಹುದು. ಮೊನ್ನೆ ಇನ್ನಷ್ಟು ಇಳಿಸಿದರು. ಇವತ್ತು ಬೆಳಿಗ್ಗೆ ತೊಳೆಯುವ ಮೊದಲು ಬಟ್ಟಲಿನ ಬಲಗಡೆ ಬೆರಳಾಡಿಸಿ ನೋಡಿದೆ. ಒಂದು ಕಾಳೂ ಇರಲಿಲ್ಲ.