ಹನ್ನೆರಡು ಗಂಟೆಗೆ ನೆರಳು ಹೋಗಲೇ ಇಲ್ಲ

ಚಿತ್ರದುರ್ಗದ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಂಥ ಬಿಸಿಲಲ್ಲಿ, 28ನೇ ತಾರೀಕು, ನಮ್ಮ ಮನೆ ಮಾಳಿಗೆ ಮೇಲೆ ಐದು ಮಕ್ಕಳು, ಅವ್ವ ಒಣಗಲು ಹಾಕಿದ ಸಂಡಿಗೆ, ನಡುವೆ ನಾನು. ಒಬ್ಬಳು ದಾವಣಗೆರೆಯಿಂದ ರಜೆಗೆ ಬಂದ ಅಕ್ಕನ ಮಗಳು, ಉಳಿದವರು ಬೀದಿಯ ಹುಡುಗರು.

ಮೊದಲೇ ಷರತ್ತು ಹಾಕಿದ್ದೆ. ಯಾರೂ ಸೂರ್ಯನನ್ನು ನೇರ ನೋಡಬಾರದು, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ಇಲ್ಲ, ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ. ನಾವೇ ಅವನನ್ನು ಗೋಡೆ ಮೇಲೆ ಇಳಿಸಿಕೊಳ್ಳೋಣ ಅಂದೆ.

ಬೆಳಗ್ಗೆ ಒಂಬತ್ತಕ್ಕೆ ಶುರು. ಚಿಕ್ಕ ಕನ್ನಡಿಗೆ ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್‌ನ ಚೌಕ ಕತ್ತರಿಸಿದೆವು. ಕನ್ನಡಿ ಅಲ್ಲಾಡದಂತೆ ನಿಲ್ಲಿಸೋಕೆ ಅಡುಗೆ ಮನೆಯಿಂದ ಚಪಾತಿ ಹಿಟ್ಟಿನ ಉಂಡೆ ಬಂತು, ಅದು ಹೇಗೆ ಬಂತು ಅಂತ ಅವ್ವನಿಗೆ ಮಧ್ಯಾಹ್ನದವರೆಗೆ ಗೊತ್ತಾಗಲಿಲ್ಲ. ಹತ್ತಿರ ಪುಸ್ತಕ ಹಿಡಿದರೆ ಬೆಳಕು ಚೌಕಾಕಾರ. ಬೀದಿ ಕೊನೆಯ ಗೋದಾಮಿನ ನೆರಳು ಗೋಡೆಗೆ ಬಿಟ್ಟರೆ ಯಾವ ಆಕಾರ? ಐದೂ ಜನ ಚೌಕ ಅಂದರು. ಬಿಟ್ಟರೆ ರೊಟ್ಟಿ ಹಂಗೆ ದುಂಡಗೆ ಬಿತ್ತು. ಒಬ್ಬ ಕಾಗದ ಸರಿಯಿಲ್ಲ ಅಂತ ತಕರಾರು ತೆಗೆದು ತಾನೇ ತ್ರಿಕೋನ ಕತ್ತರಿಸಿಕೊಂಡು ಬಂದ. ಅದೂ ದುಂಡಗೆ!

ಅದು ಬೆಳಕಿನ ಚುಕ್ಕೆಯಲ್ಲ, ಸೂರ್ಯನದೇ ಚಿತ್ರ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದೆ. ನೋಡ್ತಾ ನೋಡ್ತಾ ಚಿತ್ರ ಗೆರೆ ದಾಟತೊಡಗಿತು, ಎರಡು ನಿಮಿಷದಲ್ಲಿ ಪೂರ್ತಿ ಆಚೆ ಹೋಯಿತು. ಯಾರು ತಳ್ಳಿದ್ದು ಅಂತ ಜಗಳ. ತಳ್ಳಿದ್ದು ಭೂಮಿ ಕಣ್ರೋ ಅಂದರೆ ನಂಬಲಿಲ್ಲ, ಕನ್ನಡಿ ಹತ್ತಿರ ಒಬ್ಬಳನ್ನು ಕಾವಲು ಕೂರಿಸಿ ಮತ್ತೆ ಗೆರೆ ಎಳೆದರು.

ಚೌಕದ ತೂತಿನಿಂದ ದುಂಡು ಚಿತ್ರ ಯಾಕೆ ಅಂತ ಚಿತ್ರ ಬರೆದು ವಿವರಿಸೋಕೆ ಹೊರಟಿದ್ದೆ. ಅಷ್ಟರಲ್ಲಿ ತಕರಾರಿನ ಹುಡುಗನೇ, "ಓಬವ್ವನ ಕಿಂಡಿ ಥರ ಅಲ್ವಾ ಅಂಕಲ್? ಸಣ್ಣ ಕಿಂಡಿ, ಒಬ್ಬೊಬ್ರೇ ನುಗ್ಗಬೇಕು, ಗಲಾಟೆ ಇಲ್ಲ" ಅಂದ. ನಾನು ಹೇಳಬೇಕಿದ್ದೂ ಅದೇ. ಸೂರ್ಯನ ಒಂದೊಂದು ಜಾಗದ ಬೆಳಕೂ ಸಣ್ಣ ತೂತಿನಲ್ಲಿ ಬೇರೆ ಬೇರೆಯಾಗಿ ನುಗ್ಗಿ ಗೋಡೆಯಲ್ಲಿ ತನ್ನ ತನ್ನ ಜಾಗ ಹಿಡಿಯುತ್ತೆ, ದೂರ ಹೋದಷ್ಟೂ ತೂತಿನ ಆಕಾರ ಕಳೆದು ಸೂರ್ಯನ ಆಕಾರ ಉಳಿಯುತ್ತೆ. ಹುಣಸೆ ಮರದ ಕೆಳಗೆ ನೆರಳಲ್ಲಿ ಕಾಣೋ ದುಂಡು ಚುಕ್ಕೆಗಳೂ ಇವೇ, ಎಲೆ ಸಂದಿನ ಸೂರ್ಯರು.

ಮೇಸ್ತ್ರಿ ಟೇಪು ತಂದು ಅಳೆದೆವು. ಗೋಡೆಗೆ 20 ಮೀಟರ್, ಚಿತ್ರದ ಅಗಲ ಸುಮಾರು 19 ಸೆಂಟಿಮೀಟರ್. ಅಂದರೆ ದೂರದ 105ನೇ ಒಂದು ಭಾಗ. ಸೂರ್ಯ 15 ಕೋಟಿ ಕಿಲೋಮೀಟರ್ ದೂರ, ಭಾಗಿಸಿದರೆ ಅಗಲ 14 ಲಕ್ಷದ ಮೇಲೆ ಚೂರು. ಪುಸ್ತಕದಲ್ಲಿರೋದು 13 ಲಕ್ಷ 90 ಸಾವಿರ. ಚಪಾತಿ ಹಿಟ್ಟಿಗೆ ಇಷ್ಟು ಸಾಕು.

ಮಾನ ಹೋಗಿದ್ದು ಮಧ್ಯಾಹ್ನ. ವರ್ಷದಲ್ಲಿ ಎರಡೇ ದಿನ ಸೂರ್ಯ ನಮ್ಮೂರಿನ ನೆತ್ತಿಗೆ ಸರಿಯಾಗಿ ಬರೋದು, ಈ ಏಪ್ರಿಲ್ 28 ಮತ್ತೆ ಆಗಸ್ಟ್ 14ರ ಸುಮಾರು. ಹನ್ನೆರಡಕ್ಕೆ ನೆರಳು ಮಾಯ ಅಂತ ಜಾದೂಗಾರನ ಥರ ಹೇಳಿ, ಮೋಟರ್ ಕೆಲಸದಲ್ಲಿ ಉಳಿದಿದ್ದ ಒಂದಡಿ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಿದೆ. ಹನ್ನೆರಡಾಯಿತು. ನೆರಳು ಪಶ್ಚಿಮಕ್ಕೆ ಎರಡು ಬೆರಳಗಲ ಹಾಯಾಗಿ ಬಿದ್ದಿದೆ! ಮಕ್ಕಳು ನನ್ನ ಮುಖ ನೋಡಿದರು. ಅವ್ವ ಮೆಟ್ಟಿಲಿನಿಂದಲೇ, "ಬಿಸ್ಲಾಗೆ ಸುಟ್ಕೊಂಡು ಸಾಯ್ತೀರೇನ್ರೋ, ಸಂಡಿಗೆ ತುಳೀಬೇಡಿ" ಅಂತ ಕೂಗಿದಳು.

ಸುಮ್ನೆ ಕೂತು ಐದೈದು ನಿಮಿಷಕ್ಕೆ ಗುರುತು ಹಾಕಿದೆವು. ನೆರಳು ಕುಗ್ಗುತ್ತಾ ಕುಗ್ಗುತ್ತಾ 12:22ಕ್ಕೆ ಪೈಪಿನ ಬಾಯಂಚಿನಷ್ಟು ತೆಳು ಬಳೆ ಮಾತ್ರ ಉಳಿಯಿತು, ಒಳಗೆ ತಳದವರೆಗೂ ಬಿಸಿಲು. ನಮ್ಮ ಗಡಿಯಾರ ನಡೆಯೋದು ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಹತ್ತಿರದ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಚಿತ್ರದುರ್ಗ ಇರೋದು 76.4ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು 24 ನಿಮಿಷ ಹಿಂದೆ. ವರ್ಷದ ಆ ಹೊತ್ತಿಗೆ ಸೂರ್ಯನೇ ಎರಡು ನಿಮಿಷ ಮುಂದಿರುತ್ತಾನೆ, ಹಾಗಾಗಿ 22. ಗೊತ್ತಿದ್ದ ಲೆಕ್ಕವೇ, ಆದರೂ ಮಧ್ಯಾಹ್ನ ಅಂದರೆ ಹನ್ನೆರಡು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ದಾವಣಗೆರೆ ನಮಗಿಂತ ಸ್ವಲ್ಪ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ. ಅಲ್ಲಿಗೆ ಈ ಆಟ ಮಾರನೇ ದಿನ. ಇದು ಕೇಳಿದ್ದೇ ಅಕ್ಕನ ಮಗಳು ಹಟ ಹಿಡಿದು ಆ ಸಂಜೆಯೇ ಪೈಪ್ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದಳು. ಮರುದಿನ ಊಟಕ್ಕೆ ಕೂತಿದ್ದೆ, ಫೋನ್ ಬಂತು.

"ಮಾಮ, ನಿಮ್ಮದಕ್ಕಿಂತ ನಮ್ಮದು ಎರಡು ನಿಮಿಷ ಲೇಟು. 12:24."